ನೇರ ರಸ್ತೆಯ ಏಳು ತಿರುವು

“ಕಾರನ್ನ ತಾನೇ ಓಡಿಸೋ ನಿಮ್ಮ ಪೆಟ್ಟಿಗೆ ನಿಮ್ಮ ತಲೆ ಮೇಲೇ ಇಟ್ಕೊಳ್ಳಿ! ನನ್ನ ಕಾರಿಂದ ಇವತ್ತೇ ಕಿತ್ತುಹಾಕಿ!”

ಹೊಲಿಗೆ ಅಂಗಡಿಯ ಯಜಮಾನಿ ಕಾರಿನ ಕೀಲಿಯನ್ನು ಕೌಂಟರಿನ ಮೇಲೆ ಕುಕ್ಕಿದ ರಭಸಕ್ಕೆ ಸರ್ವಿಸ್ ಸೆಂಟರಿನ ಹಾಲಿನಲ್ಲಿ ಕೂತಿದ್ದವರೆಲ್ಲ ಕತ್ತೆತ್ತಿ ನೋಡಿದರು. ಕೌಂಟರಿನ ಹಿಂದಿದ್ದ ಗುಮಾಸ್ತ ಮಾತ್ರ ಕತ್ತೆತ್ತಲಿಲ್ಲ. ಬೆಳಗಿನಿಂದ ಅವನಿಗೆ ಇದು ಒಂಬತ್ತನೆಯ ಬೈಗುಳ.

“ಕೀಳೋಕಾಗಲ್ಲ ಮೇಡಂ. ಹೊಸದು ಕೂರಿಸಿದ ಮೇಲೆ ಹಳೇ ಪೆಟ್ಟಿಗೆ ವಾಪಸ್ ಹೋಗಿಬಿಟ್ಟಿರುತ್ತೆ.”

“ಹೋಗಲಿ. ನನ್ನ ಕಾರು ನಾನೇ ಓಡಿಸ್ಕೊತೀನಿ. ಅದು ತೆಪ್ಪಗೆ ಬಿದ್ದಿರಲಿ. ದುಡ್ಡು ಕೊಟ್ಟು ದೆವ್ವ ಕೊಂಡ ಹಾಗಾಯ್ತು ನನ್ನ ಪಾಡು.”

“ಬೇಡದಿದ್ರೆ ನನಗೆ ಕೊಡ್ಸಿ ಅಕ್ಕಾ,” ಎಂದ ಪಕ್ಕದಲ್ಲಿ ನಿಂತಿದ್ದ ಬೇಕರಿಯವ. “ಎರಡು ತಿಂಗಳಿಂದ ಸರದಿ ಕಾಯ್ತಿದ್ದೀನಿ. ಆ ಸಾವಿಗೂ ಪೆಟ್ಟಿಗೆಗೂ ಏನ್ರೀ ಸಂಬಂಧ? ಮುದುಕ ಸ್ಟಿಯರಿಂಗ್ ಹಿಡಿದ, ಗುದ್ದಿದ. ಪೆಟ್ಟಿಗೆ ಪಾಲಿಗೆ ಬಿಟ್ಟಿದ್ರೆ ಆ ಕಾವಲುಗಾರ ಇವತ್ತು ಮನೇಲಿ ಊಟ ಮಾಡ್ತಿದ್ದ.”

ಮೂಲೆಯ ಕುರ್ಚಿಯಲ್ಲಿ ಮೊಣಕಾಲು ಉಜ್ಜಿಕೊಳ್ಳುತ್ತ ಕೂತಿದ್ದ ಸರ್ವೇಯರಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡರು. ವಿಮಾ ಕಂಪನಿಯ ಪರವಾಗಿ ಜಜ್ಜಿಹೋದ ವಾಹನಗಳನ್ನು ನೋಡುತ್ತ ಮೂವತ್ತು ವರ್ಷ ಸವೆಸಿದ ಜೀವ ಅದು. ಬಂಪರಿನ ಗಾಯ ನೋಡಿ ಸುಳ್ಳು ಯಾರದೆಂದು ಹೇಳಬಲ್ಲರು ಎಂಬ ಹೆಸರು ಬೇರೆ. ಈ ಸಲ ಬಂಪರು ಬಾಯಿಬಿಟ್ಟಿರಲಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ, ಗೋದಾಮುಗಳ ಉದ್ದ ಗೋಡೆಯ ಪಕ್ಕದ ರಸ್ತೆಯಲ್ಲಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಕಾರು ಗೇಟಿನ ಕಾವಲುಗಾರನಿಗೆ ಗುದ್ದಿತ್ತು. ಅವನು ಅಲ್ಲೇ ತೀರಿಕೊಂಡಿದ್ದ. ಕಾರು ತಾನೇ ಓಡುತ್ತಿತ್ತು, ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ ಎಂದು ಮೇಷ್ಟ್ರು. ಸ್ಟಿಯರಿಂಗ್ ಮೇಲೆ ಎರಡು ಕೈ ಇದ್ದವು, ನಮ್ಮ ದಾಖಲೆ ನೋಡಿ ಎಂದು ಪೆಟ್ಟಿಗೆ ಮಾರಿದ ಕಂಪನಿ. ಮಧ್ಯಾಹ್ನ ಮೂರಕ್ಕೆ ಕೋರ್ಟು. ಆ ಎರಡು ಕೈ ಮೇಷ್ಟ್ರದ್ದಲ್ಲ ಎಂದು ಅಷ್ಟರೊಳಗೆ ತೋರಿಸದಿದ್ದರೆ ಅವರು ಲಾಕಪ್ಪಿನಿಂದ ನೇರ ಜೈಲಿಗೆ. ಗೋಡೆಯ ಗಡಿಯಾರ ಹನ್ನೆರಡು ದಾಟಿತ್ತು.

ಕಾವಲುಗಾರನ ಮೈ ತಣ್ಣಗಾಗುವ ಮುಂಚೆಯೇ ಕಂಪನಿಯ ಶೇರು ಬಿಸಿಯಾಗಿತ್ತು. ಅದೇ ಮಂಗಳವಾರ ಅದೇ ಹೊತ್ತಿಗೆ, ಈ ಕಟ್ಟಡದ ಹಿಂದಿನ ಅಂಗಳದಲ್ಲಿ, ಹೂಡಿಕೆದಾರರ ಎದುರು ಖಾಲಿ ಕಾರೊಂದು ತಾನೇ ಓಡಿ ತೋರಿಸಿತ್ತು. ಸಾವಿನ ಸುದ್ದಿ ಬಂದಾಗ ಒಂದು ದಿನ ಕುಸಿದ ಶೇರು, ‘ಎರಡು ಕೈ’ ಹೇಳಿಕೆ ಬಂದ ಕೂಡಲೇ ಮತ್ತೆ ಎದ್ದು ನಿಂತಿತು. ಸರ್ವೇಯರಮ್ಮನ ಮ್ಯಾನೇಜರೇ ಬೆಳಿಗ್ಗೆ ಫೋನ್ ಮಾಡಿ, “ಬೇಗ ವರದಿ ಮುಗಿಸಿಬಿಡಿ ತಾಯಿ, ನಮ್ಮ ಆಫೀಸಲ್ಲಿ ಅರ್ಧ ಜನ ಆ ಶೇರು ಹಿಡ್ಕೊಂಡು ಕೂತಿದ್ದಾರೆ,” ಎಂದಿದ್ದರು.

ಸರ್ವೇಯರಮ್ಮ ಚೀಲದಿಂದ ಹಾಳೆ ತೆಗೆದರು. ಕಂಪನಿ ಪೊಲೀಸರಿಗೆ ಕೊಟ್ಟದ್ದು ಅಪಘಾತದ ಒಂದು ನಿಮಿಷದ ದಾಖಲೆ. ಇವರು ಹಟ ಹಿಡಿದು ಹನ್ನೊಂದು ನಿಮಿಷದ್ದು ಕೇಳಿದ್ದರು, ಶನಿವಾರ ಸಂಜೆ ಯಾರೋ ಗುಮಾಸ್ತರು ಪಾಪ ಕೇಳಿದ್ದಷ್ಟೂ ಕಳಿಸಿಬಿಟ್ಟಿದ್ದರು. ಹಾಳೆಯುದ್ದಕ್ಕೂ ಒಂದು ಗೆರೆ. ಸ್ಟಿಯರಿಂಗ್ ಎಡಕ್ಕೆ ಹೋದರೆ ಗೆರೆ ಮೇಲಕ್ಕೆ, ಬಲಕ್ಕೆ ಹೋದರೆ ಕೆಳಕ್ಕೆ. ಅಂಚಿನಲ್ಲಿ ನಿಮಿಷಕ್ಕೊಂದು ಸಲ ‘ಎರಡು ಕೈ’ ಎಂಬ ಗುರುತು.

ಹನ್ನೊಂದು ನಿಮಿಷದಲ್ಲಿ ಗೆರೆ ಏಳು ಸಲ ಮೇಲಕ್ಕೆ ಹಾರಿತ್ತು. ಏಳು ಎಡತಿರುವು.

ಬೆಳಿಗ್ಗೆಯೇ ಸರ್ವೇಯರಮ್ಮ ಆ ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ಬಂದಿದ್ದರು. ಅದಕ್ಕೇ ಈ ಮೊಣಕಾಲು ನೋವು. ಮೇಷ್ಟ್ರ ಮನೆಯಿಂದ ಗೋದಾಮಿನ ಗೇಟಿನವರೆಗೆ ರಸ್ತೆ ನೂಲು ಹಿಡಿದಂತೆ ನೇರ. ಒಂದು ಕಡೆ ಗೋಡೆ, ಇನ್ನೊಂದು ಕಡೆ ರೈಲು ಹಳಿ. ತಿರುಗಬೇಕೆಂದರೂ ತಿರುಗಲು ಜಾಗವಿಲ್ಲ.

“ನೀವೂ ಶೇರು ತಗೊಂಡಿದ್ದೀರಾ?”

ಪಕ್ಕದ ಕುರ್ಚಿಯ ಅಜ್ಜ. ಕೆಲಸದವರೆಲ್ಲ ಅವರನ್ನು ಶೇರು ತಾತ ಎಂದು ಕರೆಯುತ್ತಿದ್ದರು. ನಲವತ್ತು ವರ್ಷ ಬಸ್ ಡಿಪೋದಲ್ಲಿ ಹೊಸ ಡ್ರೈವರ್‌ಗಳನ್ನು ಪರೀಕ್ಷೆ ಮಾಡಿದವರು. ನಿವೃತ್ತಿಯಲ್ಲಿ ಕೈಗೆ ಬಂದದ್ದನ್ನೆಲ್ಲ ಈ ಕಂಪನಿಯ ಮೇಲೆ ಸುರಿದು, ಈಗ ದಿನಾ ಬಂದು ತಮ್ಮ ಕಂಪನಿ ಹೇಗಿದೆ ಎಂದು ನೋಡಿಕೊಂಡು ಹೋಗುತ್ತಿದ್ದರು.

“ಇಲ್ಲ ತಾತ. ನಾನು ವಿಮೆಯವಳು.”

“ಬಿಡಿ, ನಷ್ಟ ನಿಮ್ಮದೇ. ಮಂಗಳವಾರ ಪ್ರದರ್ಶನಕ್ಕೆ ನನ್ನ ಮೊದಲನೇ ಸಾಲಲ್ಲಿ ಕೂರಿಸಿದ್ರು ಗೊತ್ತಾ? ಡ್ರೈವರ್ ಸೀಟು ಖಾಲಿ. ಅಂಗಳದಲ್ಲಿ ಏಳು ಸುತ್ತು ಹೊಡೀತು. ಅಬ್ಬಾ, ಏನು ಓಡಿಸ್ತು ಅಂತೀರಿ!”

ಸರ್ವೇಯರಮ್ಮನ ಬೆರಳು ಹಾಳೆಯ ಮೇಲೆ ನಿಂತಿತು. “ಏಳು ಸುತ್ತಾ ತಾತ?”

“ಎಣಿಸಿದ್ದೀನಿ. ಸುತ್ತಿಗೊಂದು ಕಡಿದಾದ ಎಡತಿರುವು, ಆ ಶೆಡ್ ಹತ್ರ; ಉಳಿದದ್ದೆಲ್ಲ ಮೆಲ್ಲಗೆ ಬಾಗುತ್ತೆ. ನಮ್ಮ ಹಳೇ ಡ್ರೈವರ್‌ಗಳಿಗೆ ಒಂದು ಚಟ ಇತ್ತು, ಎಡಕ್ಕೆ ತಿರುಗೋ ಮುಂಚೆ ಒಂಚೂರು ಬಲಕ್ಕೆ ವಾಲಿಸೋರು. ಅದಕ್ಕೆ ನಾನು ಎಷ್ಟು ಜನರ ಅಂಕ ಕಳೆದಿದ್ದೀನೋ! ಈ ಕಾರೂ ಥೇಟ್ ಹಾಗೇ ವಾಲಿಸ್ತು. ಮನುಷ್ಯರ ದುರಭ್ಯಾಸಾನೂ ಕಲಿತಿದೆಯಲ್ಲ ಅಂತ ನಗು ಬಂತು ನನಗೆ.”

ಸರ್ವೇಯರಮ್ಮನಿಗೆ ನಗು ಬರಲಿಲ್ಲ. ಅವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಏಳು ಸಲವೂ, ಗೆರೆ ಮೇಲಕ್ಕೆ ಹಾರುವ ಮುನ್ನ, ಇಷ್ಟೇ ಇಷ್ಟು ಕೆಳಕ್ಕೆ ಇಳಿದಿತ್ತು.

ಅವರು ಎದ್ದು, ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಬರೆದಿದ್ದ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ಅದು ಕಾರಿಗೆ ಕಣ್ಣು ಕೂರಿಸುವ ಕೋಣೆ. ಉದ್ದಕ್ಕೂ ಬಿಳಿ ದೀಪ, ಗೋಡೆಯ ಮೇಲೆ ಕಪ್ಪು ಬಿಳುಪು ಚೌಕದ ಹಲಗೆಗಳು, ನೆಲದ ಮೇಲೆ ಹಳದಿ ಗೆರೆಗಳು. ಒಂದೊಂದು ಕಾರಿಗೂ ಎಂಟು ಕ್ಯಾಮೆರಾ. ಎಂಟೂ ಯಾವ ವಸ್ತು ಎಷ್ಟು ದೂರ, ಯಾವ ಪಕ್ಕ ಎಂದು ಸರಿಯಾಗಿ ಹೇಳುವಂತೆ ಹೊಂದಿಸುವುದು ಇಲ್ಲಿನ ಕೆಲಸ. ಇಪ್ಪತ್ತು ವರ್ಷದಿಂದ ಆ ಕೆಲಸ ಮಾಡುವವನಿಗೆ ಎಲ್ಲರೂ ಇಟ್ಟ ಹೆಸರು ಕಣ್ಣು ಮೇಸ್ತ್ರಿ. ಅವನ ಸ್ವಂತ ಕಣ್ಣಿಗೆ ಮಾತ್ರ ಸೋಡಾ ಬಾಟಲಿಯಷ್ಟು ದಪ್ಪ ಗಾಜು.

“ಇಲ್ಲಿ ಹೊರಗಿನವರು ಬರೋ ಹಾಗಿಲ್ಲ ಮೇಡಂ.”

“ನಾನು ಒಳಗಿನವಳೂ ಅಲ್ಲ, ಹೊರಗಿನವಳೂ ಅಲ್ಲ ಮೇಸ್ತ್ರಿ. ವಿಮೆಯವಳು. ಒಂದೇ ಒಂದು ಪ್ರಶ್ನೆ. ಹೊಸ ಪೆಟ್ಟಿಗೆ ಹಾಕಿದ ಮೇಲೆ ಒಂದು ಕಾರಿನ ಕಣ್ಣು ಕೂರಿಸೋಕೆ ಎಷ್ಟು ಹೊತ್ತು?”

“ಈ ಹಲಗೆ ಮುಂದೆ ಎರಡು ಗಂಟೆ. ಆಮೇಲೆ ಗೆರೆ ಇರೋ ರಸ್ತೇಲಿ ನಲವತ್ತು ಕಿಲೋಮೀಟರು ಓಡಿಸಿ ನೋಡ್ಬೇಕು. ಒಟ್ಟು ಅರ್ಧ ದಿನ.”

“ಇಂಥ ಕೋಣೆ ಎಷ್ಟಿವೆ?”

“ಇದೊಂದೇ.”

“ಹೂಡಿಕೆದಾರರ ಪ್ರದರ್ಶನಕ್ಕೆ ಮುಂಚೆ ಒಂದೇ ವಾರದಲ್ಲಿ ಅರವತ್ತು ಕಾರು ಮುಗಿಸಿದ್ವಿ ಅಂತ ಹಾಲಿನ ಗೋಡೆ ಮೇಲೆ ಆಳೆತ್ತರ ಬರೆದು ಹಾಕಿದ್ದಾರೆ. ನಾನು ಲೆಕ್ಕದಲ್ಲಿ ದಡ್ಡಿ. ನೀವೇ ಹೇಳಿ, ವಾರಕ್ಕೆ ಎಷ್ಟು ಅರ್ಧ ದಿನ?”

ಮೇಸ್ತ್ರಿ ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. “ಭಾನುವಾರ ಸೇರಿಸಿದ್ರೂ ಹದಿನಾಲ್ಕು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕೇಳದಿದ್ದರೂ ಮೇಸ್ತ್ರಿಯ ಕೈ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಮೇಲೆ ಹೋಗಿ ಕೂತಿತು.

“ಉಳಿದ ನಲವತ್ತಾರು ಕಾರಿಗೆ ಏನು ಮಾಡಿದ್ರಿ ಮೇಸ್ತ್ರಿ?”

ಅವನು ಬಾಗಿಲ ಕಡೆ ನೋಡಿದ. ಆಮೇಲೆ ನೆಲ ನೋಡಿದ. ಆರು ದಿನದಿಂದ ಎದೆಯಲ್ಲಿ ಇಟ್ಟುಕೊಂಡದ್ದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವನ ಹಾಗೆ ಮಾತು ಹೊರಬಂತು.

“ಉಳಿದದ್ದಲ್ಲ ಮೇಡಂ, ಅರವತ್ತಕ್ಕೂ ಅದೇ. ಮೇಲಿಂದ ಒಂದೇ ಸಮ ಒತ್ತಡ. ಒಂದು ಕಾರಿಗೆ ಸರಿಯಾಗಿ ಕಣ್ಣು ಕೂರಿಸಿದೆ. ಅದರ ನೆನಪನ್ನ ತೆಗೆದು ಬೇರೆಯವಕ್ಕೆಲ್ಲ ಹಾಕಿದೆ. ನಾವಿಲ್ಲಿ ಅದಕ್ಕೆ ಹೆಪ್ಪು ಹಾಕೋದು ಅಂತೀವಿ.”

“ಹಾಲಿಗೆ ಹಾಕೋ ಹಾಗೆ.”

“ಹೂಂ. ಒಂದೇ ಮಾದರಿ ಕಾರು, ಒಂದೇ ಥರ ಗಾಜು. ಕೂದಲೆಳೆಯಷ್ಟು ವ್ಯತ್ಯಾಸ ಇದ್ರೆ ಓಡ್ತಾ ಓಡ್ತಾ ಪೆಟ್ಟಿಗೇನೇ ಸರಿಮಾಡ್ಕೊಳ್ಳುತ್ತೆ. ಅರವತ್ತಕ್ಕೂ ಏನೂ ಆಗಿಲ್ಲ, ದೇವರಾಣೆ.”

“ಮೇಷ್ಟ್ರ ಕಾರು?”

“ಅದು ಅರವತ್ತೊಂದನೇದು. ಅದರ ಮುಂದಿನ ಗಾಜನ್ನ ಹಿಂದೆ ಯಾವಾಗಲೋ ಹೊರಗಡೆ ಬದಲಾಯಿಸಿದ್ರಂತೆ. ಸ್ವಲ್ಪ ವಾಲಿ ಕೂತಿತ್ತು. ಕ್ಯಾಮೆರಾ ಇರೋದೇ ಆ ಗಾಜಿನ ಮೇಲೆ. ನನಗೆ ಗೊತ್ತಾದದ್ದು ಸಾವಾದ ಮೇಲೆ.”

“ಅಂದ್ರೆ ಕಾರಿಗೆ ಆ ಕಾವಲುಗಾರ ಕಂಡಿರ್ಲಿಲ್ವಾ?”

“ಕಂಡಿದ್ದಾನೆ. ಆದರೆ ಇದ್ದ ಜಾಗದಲ್ಲಿ ಅಲ್ಲ. ಒಂದು ಮಾರು ಆಚೆ, ಗೋಡೆ ಪಕ್ಕ ನಿಂತ ಹಾಗೆ ಕಂಡಿದ್ದಾನೆ. ದಾರಿ ಖಾಲಿ ಇದೆ ಅಂದ್ಕೊಂಡು ಹೋಗಿದೆ.”

ಕಾವಲುಗಾರನ ಹೆಂಡತಿ ಮೊನ್ನೆ ಸರ್ವೇಯರಮ್ಮನ ಕೈ ಹಿಡಿದು, “ಪರಿಹಾರ ಆಮೇಲೆ ಕೊಡಿ, ಓಡಿಸ್ತಿದ್ದದ್ದು ಯಾರು ಅಂತ ಮೊದಲು ಹೇಳಿ,” ಎಂದಿದ್ದಳು. ಗಡಿಯಾರ ನಿಲ್ಲುವುದಿಲ್ಲವಲ್ಲ. ಸರ್ವೇಯರಮ್ಮ ಹಾಳೆಯನ್ನು ಮೇಸ್ತ್ರಿಯ ಮುಂದೆ ಹಿಡಿದರು.

“ಸರಿ. ಮೇಷ್ಟ್ರ ಕಾರು ಹೋದದ್ದು ನೇರ ರಸ್ತೇಲಿ. ಅದರ ದಾಖಲೇಲಿ ಏಳು ತಿರುವು ಹೇಗೆ ಬಂತು?”

ಹಾಳೆ ನೋಡಿದ ಮೇಸ್ತ್ರಿಯ ಮುಖ ಸುಟ್ಟ ಬದನೆಕಾಯಿಯಾಯಿತು. “ಅಯ್ಯಯ್ಯೋ. ನಂಬರು.”

“ಯಾವ ನಂಬರು?”

“ಹೆಪ್ಪಿನ ಜೊತೆ, ಪೆಟ್ಟಿಗೆಯೊಳಗೆ ಬರೆದಿರೋ ಮೊದಲನೇ ಕಾರಿನ ನಂಬರೂ ಬಂದುಬಿಡುತ್ತೆ ಮೇಡಂ. ಅದನ್ನ ಅಳಿಸಿ, ಜಾಬ್ ಕಾರ್ಡ್ ನೋಡ್ಕೊಂಡು, ಆಯಾ ಕಾರಿನ ನಂಬರು ಹೊಡೀಬೇಕು. ಅರವತ್ತಕ್ಕೂ ಹೊಡೆದೆ. ಮೇಷ್ಟ್ರ ಕಾರಿಗೆ ಜಾಬ್ ಕಾರ್ಡೇ ಇರ್ಲಿಲ್ಲ. ಅಪಘಾತಕ್ಕೆ ಎರಡು ದಿನ ಮುಂಚಿನ ಭಾನುವಾರ, ರಜೆ ದಿನ, ಸರದಿ ತಪ್ಪಿಸಿ ತಂದ ಕಾರು. ಕಾರ್ಡ್ ಇಲ್ಲದೇ ಇದ್ದದ್ದಕ್ಕೆ ನಂಬರು ಹೊಡೆಯೋದೇ ಮರೆತೆ.”

“ಅಂದ್ರೆ ಒಂದೇ ನಂಬರಿನ ಎರಡು ಕಾರು ಓಡ್ತಾ ಇದ್ವು.”

“ಹೂಂ. ಒಂದೇ ನಂಬರಿಂದ ಎರಡು ದಾಖಲೆ ಬಂದ್ರೆ ಆಫೀಸಿನ ಯಂತ್ರ ಮೊದಲು ಬಂದದ್ದನ್ನ ಇಟ್ಕೊಂಡು, ಎರಡನೇದನ್ನ ನಕಲು ಅಂತ ಎಸೆಯುತ್ತೆ. ನಮ್ಮ ಅಂಗಳದಲ್ಲೇ ಇರೋ ಕಾರಿನದ್ದು ಯಾವಾಗಲೂ ಮೊದಲು ತಲುಪುತ್ತೆ.”

“ಯಾವ ಜಾಗದಲ್ಲಿ ಓಡ್ತು ಅಂತ ದಾಖಲೇಲಿ ಇರಲ್ವಾ?”

“ಇತ್ತು. ನಾವು ಎಲ್ಲೆಲ್ಲಿ ಹೋಗ್ತೀವಿ ಅಂತ ನಿಮಗ್ಯಾಕೆ ಅಂತ ಕಾರಿನ ಮಾಲೀಕರೇ ಜಗಳ ಮಾಡಿ ತೆಗೆಸಿದ್ರು.”

ಸರ್ವೇಯರಮ್ಮ ಇನ್ನೊಂದು ಹೆಜ್ಜೆ ಮುಂದೆ ಬಂದರು. “ಹೆಪ್ಪಿಗೆ ತಗೊಂಡ ಆ ಮೊದಲನೇ ಕಾರು ಯಾವುದು ಮೇಸ್ತ್ರಿ?”

ಕೋಣೆಯ ಕೊನೆಯಲ್ಲಿ, ಬಟ್ಟೆ ಹೊದಿಸಿ ನಿಲ್ಲಿಸಿದ್ದ ಬಿಳಿ ಕಾರಿನ ಕಡೆ ಮೇಸ್ತ್ರಿಯ ಕಣ್ಣು ಹೊರಳಿತು. ಮಂಗಳವಾರ ಹೂಡಿಕೆದಾರರ ಎದುರು ಏಳು ಸುತ್ತು ಹೊಡೆದ ಖಾಲಿ ಕಾರು.

ಸರ್ವೇಯರಮ್ಮ ಕುರ್ಚಿ ಹುಡುಕಿ ಕೂತರು. ಡ್ರೈವರ್ ಇಲ್ಲದೆ ಓಡಿದ್ದಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು, ಅದಕ್ಕೇ ಶೇರು ಮೇಲೇರಿತ್ತು, ಆ ತಾತ ಬಾಳಿನ ದುಡಿಮೆಯನ್ನೆಲ್ಲ ಅದಕ್ಕೇ ಸುರಿದು ಕೂತಿದ್ದರು. ಅದೇ ಕಾರಿನ ದಾಖಲೆ ಹೇಳುತ್ತಿದೆ, ಸ್ಟಿಯರಿಂಗ್ ಮೇಲೆ ಎರಡು ಕೈ. ಹನ್ನೊಂದು ನಿಮಿಷವೂ.

“ಯಾರ ಕೈ?”

“ಅದೊಂದು ಕೇಳ್ಬೇಡಿ ಮೇಡಂ. ಹೊಟ್ಟೆ ಮೇಲೆ ಹೊಡೀಬೇಡಿ.”

“ಮೇಷ್ಟ್ರ ಹೊಟ್ಟೆ ಮೇಲೆ ಹೊಡೆದದ್ದು ಸಾಲದಾ? ಹೋಗಲಿ, ಭಾನುವಾರ ಸರದಿ ತಪ್ಪಿಸಿ ಆ ಕಾರನ್ನ ಇಲ್ಲಿಗೆ ತಂದದ್ದು ಯಾರು? ಅದನ್ನಾದರೂ ಹೇಳಿ.”

ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು.

“ಮೇಸ್ತ್ರಿ ಮಾಮ, ನನ್ನ ರಜೆ ಚೀಟಿಗೆ ಒಂದು ಸಹಿ ಹಾಕಿ. ಅಪ್ಪನ ಕೋರ್ಟಿಗೆ ಹೋಗ್ಬೇಕು.”

ಮೇಷ್ಟ್ರ ಮಗಳು. ಈ ಕಂಪನಿಯಲ್ಲೇ ಹೊಸ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡುವ ಕೆಲಸ ಅವಳದು. ಲಾಕಪ್ಪಿನ ಬಾಗಿಲಲ್ಲಿ ಸರ್ವೇಯರಮ್ಮ ಅವಳನ್ನು ಎರಡು ಸಲ ನೋಡಿದ್ದರು. ನಿದ್ದೆಯಿಲ್ಲದ ಕಣ್ಣು, ಕೈಯಲ್ಲಿ ಅಪ್ಪನಿಗೆಂದು ಇಸ್ತ್ರಿ ಮಾಡಿ ತಂದ ಅಂಗಿ.

ಸರ್ವೇಯರಮ್ಮ ಹಾಳೆ ಮುಂದೆ ಹಿಡಿದರು. “ಇದನ್ನ ಓದೋಕೆ ಬರುತ್ತೇನಮ್ಮ?”

“ದಿನಾ ಓದೋದೇ ಅದನ್ನ.” ಅವಳು ಹಾಳೆ ತೆಗೆದುಕೊಂಡಳು. “ಎಡಕ್ಕೆ ತಿರುವು. ತಿರುಗೋ ಮುಂಚೆ ಬಲಕ್ಕೆ ವಾಲಿಸಿದ್ದಾರೆ. ನನಗೂ ಇದೇ ಕೆಟ್ಟ ಚಟ. ಎಷ್ಟು ಬೈಸಿಕೊಂಡರೂ ಹೋಗಲ್ಲ. ಮತ್ತೆ ಎಡಕ್ಕೆ. ಮೂರು, ನಾಲ್ಕು…”

ಐದಕ್ಕೆ ಅವಳ ದನಿ ಇಳಿಯಿತು. ಏಳಕ್ಕೆ ನಿಂತೇ ಹೋಯಿತು.

“ಇದು ಪ್ರದರ್ಶನದ ಕಾರಿನದ್ದು. ನಿಮಗೆ ಹೇಗೆ ಸಿಕ್ತು?”

“ನಿಮ್ಮ ಕಂಪನಿಯೇ ಕೊಟ್ಟದ್ದು. ನಿಮ್ಮಪ್ಪನ ಕಾರಿನದ್ದು ಅಂತ.”

ಅಂಗಿ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವಳೂ ಅದರ ಪಕ್ಕದಲ್ಲೇ, ಹಳದಿ ಗೆರೆಯ ಮೇಲೆ, ಕುಸಿದು ಕೂತಳು.

“ಹೇಳಮ್ಮ,” ಎಂದರು ಸರ್ವೇಯರಮ್ಮ. ದನಿ ಗಡುಸಾಗಿತ್ತು. “ಆ ಖಾಲಿ ಸೀಟಿನಲ್ಲಿ ನೀನು ಹೇಗೆ ಕೂತಿದ್ದೆ?”

“ಸೀಟಿನ ಥರಾನೇ ಹೊಲಿದ ಗವಸು. ಅದರೊಳಗೆ ನಾನು. ಕಣ್ಣಿಗೆರಡು ತೂತು, ಕೈ ಹೊರಗೆ ಬಂದರೂ ಕಾಣದ ಹಾಗೆ ಕೆಳಗೊಂದು ಪರದೆ. ತಾಲೀಮಿನಲ್ಲಿ ಕಾರು ತನ್ನ ನೆರಳಿಗೆ ತಾನೇ ಹೆದರಿ ಮೂರು ಸಲ ನಿಂತುಬಿಡ್ತು. ಹೂಡಿಕೆದಾರರ ಮುಂದೆ ಹಾಗಾದ್ರೆ ಎಲ್ಲರ ಕೆಲಸಾನೂ ಹೋಗುತ್ತೆ, ಇದೊಂದು ದಿನಕ್ಕೆ ಮಾತ್ರ ಅಂದ್ರು.”

“ಅಪ್ಪನ ಕಾರನ್ನ ಭಾನುವಾರ ತಂದದ್ದೂ ನೀನೇ.”

“ಹೂಂ. ಅಪ್ಪನಿಗೆ ಕಣ್ಣು ಮಂಜಾಗ್ತಿದೆ. ಹೊಸ ಪೆಟ್ಟಿಗೆ ಇದ್ರೆ ಅವರಿಗೆ ಅಪಾಯ ಇರಲ್ಲ ಅಂತ… ನಾನೇ ಮೇಸ್ತ್ರಿ ಮಾಮನ ಕಾಡಿಬೇಡಿ ಹಾಕಿಸಿದೆ.”

ಸರ್ವೇಯರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷದ ಕೆಲಸದಲ್ಲಿ ಯಾರ ಮೇಲೂ ದನಿ ಎತ್ತದವರು ಈಗ ಎತ್ತಿದರು. “ಆರು ದಿನ! ಆರು ದಿನದಿಂದ ಆ ಮನುಷ್ಯ ಬರೀ ನೆಲದ ಮೇಲೆ ಮಲಗ್ತಿದ್ದಾರೆ. ಹೆತ್ತಪ್ಪ ಕಣೇ! ಬಾಯಲ್ಲಿ ಏನು ತುಂಬ್ಕೊಂಡಿದ್ದೆ?”

“ಇದು ನನ್ನ ದಾಖಲೆ ಅಂತ ನನಗೆ ಗೊತ್ತಿರ್ಲಿಲ್ಲ!” ಅವಳು ಚೀರಿದಳು. “ಎರಡು ಕೈ ಇತ್ತು ಅಂತ ಕಂಪನಿ ಹೇಳ್ತು. ಅಪ್ಪ ಇಲ್ಲ ಅಂದ್ರು. ನಾನು ಕಂಪನೀನ ನಂಬಿದೆ. ಅಪ್ಪನ್ನ ನಂಬಲಿಲ್ಲ. ವಯಸ್ಸಾಯ್ತು, ಮರೆವು, ಹೆದರಿಕೇಲಿ ಏನೋ ಹೇಳ್ತಿದ್ದಾರೆ ಅಂದ್ಕೊಂಡೆ. ನಿನ್ನೆ ಸಂಜೆ ಹೋಗಿ ನಾನೇ ಹೇಳಿಬಂದೆ, ಅಪ್ಪಾ, ಯಂತ್ರ ಸುಳ್ಳು ಹೇಳಲ್ಲ, ನಿನಗೆ ಜ್ಞಾಪಕ ಇಲ್ಲ ಅಷ್ಟೇ, ಒಪ್ಕೊಂಡ್ಬಿಡು, ಶಿಕ್ಷೆ ಕಡಿಮೆ ಆಗುತ್ತೆ ಅಂತ.”

ಸರ್ವೇಯರಮ್ಮನ ಸಿಟ್ಟು ಅಲ್ಲೇ ಇಳಿಯಿತು. ಈ ಹೆಣ್ಣಿಗೆ ತಾವು ಬೈಯಬೇಕಾದದ್ದು ಏನೂ ಉಳಿದಿಲ್ಲ ಎನಿಸಿತು. ಅವರು ಬಗ್ಗಿ ಅಂಗಿ ಎತ್ತಿ, ಧೂಳು ಕೊಡವಿ, ಅವಳ ಕೈಗೆ ಕೊಟ್ಟರು.

“ಏಳು. ಈಗ ತಿದ್ದೋಕೆ ಇನ್ನೂ ಹೊತ್ತಿದೆ. ಕೋರ್ಟಿನಲ್ಲಿ ಇದನ್ನೇ ಹೇಳ್ತೀಯಾ?”

“ಹೇಳ್ತೀನಿ. ನನ್ನ ಒಳಗೆ ಹಾಕಿದ್ರೂ ಸರಿ.”

“ನಾನೂ ಬರ್ತೀನಿ ಪುಟ್ಟಿ,” ಎಂದ ಕಣ್ಣು ಮೇಸ್ತ್ರಿ. ಅವನ ದಪ್ಪ ಕನ್ನಡಕದ ಹಿಂದೆ ಕಣ್ಣು ಒದ್ದೆಯಾಗಿತ್ತು. “ಯಾವ ಕಾರಿಂದ ಯಾವ ಕಾರಿಗೆ ಹೆಪ್ಪು ಹೋಯ್ತು, ಎಷ್ಟು ಗಂಟೆಗೆ ಹೋಯ್ತು, ಎಲ್ಲ ಈ ಲ್ಯಾಪ್‌ಟಾಪಿನಲ್ಲಿದೆ. ಬೇರೆಲ್ಲೂ ಇಲ್ಲ. ತಗೊಂಡು ಬರ್ತೀನಿ. ಆ ಸತ್ತವನು ಆರು ದಿನದಿಂದ ನನ್ನ ನಿದ್ದೆ ಮಾಡೋಕೆ ಬಿಟ್ಟಿಲ್ಲ.”

ಅವನು ಗೋಡೆಯ ಮೊಳೆಯಿಂದ ತನ್ನ ಕೋಟು ತೆಗೆದುಕೊಳ್ಳುತ್ತಿದ್ದ. ಆಗ ಸರ್ವೇಯರಮ್ಮನ ಫೋನ್ ಬಡಿದುಕೊಂಡಿತು. ಠಾಣೆಯ ಸಬ್ ಇನ್‌ಸ್ಪೆಕ್ಟರ್.

“ಸರ್ವೇಯರಮ್ಮ, ಮೇಷ್ಟ್ರು ನಿಮ್ಮ ಹತ್ರ ಮಾತಾಡ್ಬೇಕಂತೆ. ತಗೊಳ್ಳಿ.”

ಸರ್ವೇಯರಮ್ಮ ಮೂವರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟರು.

“ತಾಯಿ, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ.” ತರಗತಿಯಲ್ಲಿ ಪಾಠ ಮಾಡಿ ಮಾಡಿ ಹದವಾದ, ತಗ್ಗಿದ ದನಿ. “ಕಾರು ಓಡಿಸ್ತಿದ್ದದ್ದು ನಾನೇ. ಬರೆದುಕೊಟ್ಟೆ. ಸಹಿನೂ ಆಯ್ತು.”

“ಮೇಷ್ಟ್ರೇ! ಯಾರು ಹೇಳಿದ್ರು ನಿಮಗೆ ಸಹಿ ಹಾಕೋಕೆ?”

“ಮಗಳು ಹೇಳಿದಳು. ಅವಳು ಆ ಯಂತ್ರಗಳ ಜೊತೇಲೇ ಇರೋಳು, ಅವಳಿಗೆ ಗೊತ್ತಿರುತ್ತೆ. ಅವಳು ಇವತ್ತಿನವರೆಗೆ ನನ್ನ ಹತ್ರ ಒಂದು ಸುಳ್ಳು ಆಡಿದವಳಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಕನ್ನಡಕ ಒರೆಸಿದ್ದು ಬೇರೆ ಯಾವತ್ತೋ ಇರ್ಬೇಕು. ಬೆಳಿಗ್ಗೆ ಆ ಕಾವಲುಗಾರನ ಮನೆಯಾಕೆ ಇಲ್ಲಿಗೆ ಬಂದಿದ್ರು. ನಾನೇ ಅಮ್ಮಾ, ನಾನೇ ಕೊಂದದ್ದು ಅಂತ ಕಾಲು ಹಿಡ್ಕೊಂಡೆ. ಅವರು ಬೈಯ್ಯಲಿಲ್ಲ ತಾಯಿ. ಗೊತ್ತಾಯ್ತಲ್ಲ, ಸಾಕು ಅಂದ್ರು. ಮನಸ್ಸು ಹಗುರಾಯ್ತು.”

ಮಗಳು ಮೇಜಿನ ಅಂಚು ಹಿಡಿದು ಫೋನಿನ ಮೇಲೆ ಬಗ್ಗಿದಳು. “ಅಪ್ಪಾ! ನಿನ್ನ ಕೈ ಅಲ್ಲಪ್ಪಾ! ಅದು ನನ್ನ ಕೈ! ನೀನು ಹೇಳಿದ್ದೇ ಸರಿ. ನಾನು ಬೇರೆ ಕಾರಿನಲ್ಲಿದ್ದೆ, ಅದರ ದಾಖಲೆ ನಿನ್ನ ತಲೆಗೆ ಕಟ್ಟಿದ್ದಾರೆ!”

“ಅಳಬೇಡ ಮಗಾ,” ಎಂದರು ಮೇಷ್ಟ್ರು. “ನನ್ನ ಉಳಿಸೋಕೆ ಅಂತ ಇಲ್ಲದ್ದೆಲ್ಲ ಹೇಳ್ಬೇಡ. ನಿನಗೆ ಸುಳ್ಳು ಒಗ್ಗಲ್ಲ.”

ಫೋನ್ ಮತ್ತೆ ಸಬ್ ಇನ್‌ಸ್ಪೆಕ್ಟರ್ ಕೈಗೆ ಹೋಯಿತು. “ಕೇಳಿಸಿಕೊಂಡ್ರಲ್ಲ ಸರ್ವೇಯರಮ್ಮ? ಹೆತ್ತವರೇ ನಂಬಲ್ಲ. ಮೂರು ಗಂಟೆಗೆ ನ್ಯಾಯಾಧೀಶರು ನಂಬ್ತಾರಾ?”

“ನನ್ನ ಹತ್ರ ಹಾಳೆ ಇದೆ ಸಾರ್. ನೇರ ರಸ್ತೇಲಿ ಏಳು ತಿರುವು ಇದೆ ಅದರಲ್ಲಿ.”

“ಅದು ತಪ್ಪಾಗಿ ಬಂದ ಹಾಳೆ ಅಂತ ಕಂಪನಿಯವರು ಈಗಷ್ಟೇ ಬೇರೆ ಕೊಟ್ಟು ಹೋದ್ರು. ಈ ಹಾಳೇಲಿ ಗೆರೆ ನೆಟ್ಟಗಿದೆ. ಎರಡು ಕೈನೂ ಇದೆ. ನಿಮ್ಮ ಮೇಲೆ ಗೌರವ ಇದೆ ಅಂತ ಹೇಳ್ತಿದ್ದೀನಿ, ಆ ಕಾರುಗಳನ್ನ ಕೈಯಾರೆ ಮುಟ್ಟಿದವರು ಯಾರಾದ್ರೂ ಬಂದು ಬಾಯಿಬಿಟ್ರೆ ಸರಿ. ಇಲ್ಲದಿದ್ರೆ ಇದು ಮುಗಿದ ಕಥೆ.”

ಕರೆ ಕಡಿಯಿತು. ನಕಲೆಂದು ಎಸೆದುಹೋದ ದಾಖಲೆಯ ಜಾಗಕ್ಕೆ ಕಂಪನಿ ಹೊಸದೊಂದನ್ನು ಸೃಷ್ಟಿಸಿತ್ತು. ಒಂದೂಕಾಲಾಗಿತ್ತು. ಸರ್ವೇಯರಮ್ಮನೂ ಮೇಷ್ಟ್ರ ಮಗಳೂ ಒಟ್ಟಿಗೇ ಕಣ್ಣು ಮೇಸ್ತ್ರಿಯ ಕಡೆ ತಿರುಗಿದರು.

ಅವನು ಕೋಟಿನ ಒಂದು ತೋಳನ್ನಷ್ಟೇ ಹಾಕಿಕೊಂಡು ನಿಂತಿದ್ದ. ಆ ತೋಳನ್ನೂ ನಿಧಾನವಾಗಿ ಬಿಚ್ಚಿದ. ಕೋಟನ್ನು ಮತ್ತೆ ಮೊಳೆಗೆ ನೇತುಹಾಕಿ, ಲ್ಯಾಪ್‌ಟಾಪನ್ನು ಮುಚ್ಚಿ, ಎರಡೂ ಕೈಯಿಂದ ಎದೆಗೆ ಅವಚಿಕೊಂಡ.

“ಮೇಷ್ಟ್ರು ಒಪ್ಕೊಂಡ್ರಂತಲ್ಲ,” ಎಂದ.

“ಮಾಮ!”

“ನನಗೂ ಮನೆ ಇದೆ ಪುಟ್ಟಿ. ಮಕ್ಕಳಿದ್ದಾರೆ.” ಅವನು ಇಬ್ಬರ ಮುಖವನ್ನೂ ನೋಡಲಿಲ್ಲ. “ಹೊರಡಿ ಮೇಡಂ. ಇವತ್ತು ನಾನು ನಿಮ್ಮಿಬ್ಬರ ಹತ್ರ ಮಾತೇ ಆಡಿಲ್ಲ.”